ತಿರಸ್ಕರಿಸುವುದಾದರೆ ಕಾರಣ ಬರೆದು ತಿಳಿಸಿ: ಕಾಡಿನ ಹಾಡಿಗಳ ಪರವಾಗಿ ಮುಖ್ಯ ಕಾರ್ಯದರ್ಶಿಯವರಿಗೆ ಒಂದು ಬಹಿರಂಗ ಪತ್ರ

ಗೆ,
ಸರ್ಕಾರದ ಮುಖ್ಯ ಕಾರ್ಯದರ್ಶಿಯವರು
ಮತ್ತು ಅಧ್ಯಕ್ಷರು, ಅರಣ್ಯ ಹಕ್ಕು ಕಾಯ್ದೆಯ ರಾಜ್ಯ ಮಟ್ಟದ ಉಸ್ತುವಾರಿ ಸಮಿತಿ
ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಹಾಡಿಗಳಲ್ಲಿ, ಅಂದರೆ ಆದಿವಾಸಿಗಳ ಪುಟ್ಟ ಊರುಗಳಲ್ಲಿ ಬದುಕುವ ಕಾಡಿನ ಜನರ ಅಹವಾಲುಗಳು ಸಾಮಾನ್ಯವಾಗಿ ಸಚಿವರಿಗೋ ಜಿಲ್ಲಾಧಿಕಾರಿಗಳಿಗೋ ಹೋಗುತ್ತವೆ. ಈ ಪತ್ರವನ್ನು ನೇರವಾಗಿ ತಮಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. ಕಾಡಿನಲ್ಲಿ ತಲೆತಲಾಂತರದಿಂದ ಬದುಕಿದವರ ಹಕ್ಕನ್ನು ಗುರುತಿಸಿ ಹಕ್ಕುಪತ್ರ ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳ ಪ್ರಕಾರ ರಾಜ್ಯ ಮಟ್ಟದ ಉಸ್ತುವಾರಿ ಸಮಿತಿಗೆ ತಾವೇ ಅಧ್ಯಕ್ಷರು. ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಿ, ಹಕ್ಕು ಗುರುತಿಸುವ ಕೆಲಸ ಎಲ್ಲಿಗೆ ಬಂತು, ಎಲ್ಲಿ ನಿಂತಿತು, ಯಾರು ಅಡ್ಡಿಪಡಿಸಿದರು ಎಂದು ನೋಡುವ ಹೊಣೆ ಆ ಸಮಿತಿಯದು. ಕಾಯ್ದೆಯನ್ನು ಮೀರಿದ ಅಧಿಕಾರಿಯ ಮೇಲೆ ಗ್ರಾಮಸಭೆ ದೂರು ಕೊಡಬೇಕಾದದ್ದೂ ಅದೇ ಸಮಿತಿಗೆ. ಹಾಗಾಗಿ ನಾನು ಕಂಡದ್ದನ್ನು ತಮ್ಮ ಮುಂದಿಡುವುದು ನ್ಯಾಯವೆಂದು ಭಾವಿಸಿದ್ದೇನೆ.

ನಾನು ನಾಗರಹೊಳೆ ಕಾಡಿನ ಅಂಚಿನ ಸೀಮೆಯವನು. ಗಿರಿಜನ ಆಶ್ರಮ ಶಾಲೆಗಳಲ್ಲಿ ಮೇಷ್ಟರಾಗಿ ದುಡಿದು ನಿವೃತ್ತನಾಗಿದ್ದೇನೆ. ನನ್ನಲ್ಲಿ ಅಕ್ಷರ ಕಲಿತ ಜೇನುಕುರುಬ, ಬೆಟ್ಟಕುರುಬ, ಯರವ ಮಕ್ಕಳು ಈಗ ತಾವೇ ತಂದೆತಾಯಿಯರಾಗಿದ್ದಾರೆ. ಅವರ ಹಿರಿಯರು ಅರಣ್ಯ ಹಕ್ಕಿನ ಅರ್ಜಿ ತುಂಬಿಸಲು ನನ್ನನ್ನು ಕರೆಯುತ್ತಾರೆ. ಆ ಕೆಲಸದಲ್ಲಿ ಹತ್ತಿರದಿಂದ ನೋಡಿದ ಒಂದು ಸ್ಥಳ ಪರಿಶೀಲನೆಯ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಹಾಡಿಯ ಹೆಸರನ್ನಾಗಲಿ ಅಧಿಕಾರಿಗಳ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಒಬ್ಬರಿಬ್ಬರು ಸಿಬ್ಬಂದಿಗೆ ಶಿಕ್ಷೆಯಾಗಲಿ ಎಂಬುದು ನನ್ನ ಉದ್ದೇಶವಲ್ಲ.

ಆ ಹಾಡಿಯವರನ್ನು ದಶಕಗಳ ಹಿಂದೆ ಕಾಡಿನಿಂದ ಹೊರಗೆ ಕಳುಹಿಸಲಾಗಿತ್ತು. ಇಂದು ಅವರಲ್ಲಿ ಹೆಚ್ಚಿನವರು ಕೊಡಗಿನ ಕಾಫಿ ತೋಟಗಳ ಕೂಲಿಯವರ ಲೈನ್ ಮನೆಗಳಲ್ಲಿದ್ದಾರೆ. ಪರಿಶೀಲನೆಯ ದಿನ ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿಯ ಸದಸ್ಯರು, ಕಂದಾಯ ಇಲಾಖೆಯ ಸಿಬ್ಬಂದಿ, ಅರಣ್ಯ ಸಿಬ್ಬಂದಿ ಎಲ್ಲರೂ ಬಂದಿದ್ದರು. ಹಳೆಯ ಹಾಡಿಯ ಜಾಗದಲ್ಲಿ ಲಂಟಾನ ಕಳೆಗಿಡ ಎದೆಯೆತ್ತರಕ್ಕೆ ಬೆಳೆದಿತ್ತು. ಎಪ್ಪತ್ತು ದಾಟಿದ ಯಜಮಾನರು ಕತ್ತಿಯಿಂದ ದಾರಿ ಬಿಡಿಸುತ್ತ ಮುಂದೆ ನಡೆದರು. ಒಂದು ಕಡೆ ನಿಂತು ಕಾಲಿನಿಂದ ತರಗೆಲೆ ಸರಿಸಿ, ಕೂತು, ಬೆರಳಿನಿಂದ ಮಣ್ಣು ಕೆರೆದರು. ಬಾಯಿಯವರೆಗೂ ಮಣ್ಣಿನಲ್ಲಿ ಹೂತುಹೋಗಿದ್ದ ಒರಳುಕಲ್ಲು ಕಾಣಿಸಿತು. ಅಲ್ಲಿಂದ ಸ್ವಲ್ಪ ದೂರದಲ್ಲಿ ಹಲಸಿನ ಮರಗಳು ಒಂದೇ ಸಾಲಿನಲ್ಲಿದ್ದವು. ಕಾಡಿನಲ್ಲಿ ತಾನಾಗಿ ಹುಟ್ಟಿದ ಹಲಸು ಹಾಗೆ ಸಾಲು ಹಿಡಿದು ಬೆಳೆಯುವುದಿಲ್ಲ. ಅದರ ಆಚೆಗೆ ತಲೆಯ ಕಡೆಗೊಂದು ಕಲ್ಲಿಟ್ಟ ಗೋರಿಗಳು. ಇದು ಅವ್ವನದು, ಇದು ಅಣ್ಣನದು, ಇದು ಜ್ವರ ಬಂದು ಸತ್ತ ನನ್ನ ಮಗುವಿನದು ಎಂದು ಒಂದೊಂದನ್ನೂ ಮುಟ್ಟಿ ಹೇಳಿದರು. ಜೊತೆಗಿದ್ದ ಮತ್ತೊಂದು ಹಾಡಿಯ ಅಜ್ಜಿ ಆ ಹೆಸರುಗಳನ್ನೆಲ್ಲ ಹೌದೆಂದು ಒಪ್ಪಿದರು.

ಇಷ್ಟಾದ ಮೇಲೆ ಮಹಜರು ಬರೆಯಲು ಕೂತರು. ಬರೆದದ್ದು ಜಿಪಿಎಸ್ ಅಂಕಿಗಳು, ಮತ್ತು ಸ್ಥಳದಲ್ಲಿ ಯಾವುದೇ ವಾಸದ ಮನೆ ಅಥವಾ ಸಾಗುವಳಿ ಕಂಡುಬಂದಿಲ್ಲ ಎಂಬ ಒಂದು ವಾಕ್ಯ. ಗೋರಿಗಳನ್ನೂ ಒರಳನ್ನೂ ಸೇರಿಸಿ ಎಂದು ನಾನು ಕೇಳಿದೆ. "ಅದಕ್ಕೆಲ್ಲ ಕಾಲಂ ಇಲ್ಲ ಮೇಷ್ಟ್ರೇ, ಕಾಗದ ಪತ್ರ ಇದ್ದರೆ ಕೊಡಿ" ಎಂದರು ಬರೆಯುತ್ತಿದ್ದವರು. ಆ ಮಾತಿನಲ್ಲಿ ದ್ವೇಷವಿರಲಿಲ್ಲ. ಅವರಿಗೆ ಯಾರೂ ನಿಯಮವನ್ನು ಓದಿ ಹೇಳಿರಲಿಲ್ಲ, ಅಷ್ಟೇ. ಯಜಮಾನರು ಮಾತ್ರ, "ಸ್ವಾಮಿ, ನಮ್ಮನ್ನು ಎಬ್ಬಿಸಿದಾಗ ನಮ್ಮ ಕೈಗೆ ಯಾವ ಕಾಗದ ಕೊಟ್ಟಿದ್ದಿರಿ?" ಎಂದು ಕೇಳಿದರು. ಅಲ್ಲಿದ್ದ ಯಾರಲ್ಲಿಯೂ ಉತ್ತರವಿರಲಿಲ್ಲ.

ಬಹಳ ಕಾಲದ ನಂತರ ಹಿಂಬರಹ ಬಂತು. ಸೂಕ್ತ ದಾಖಲೆ ಒದಗಿಸದ ಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ ಎಂಬ ಒಂದೇ ಸಾಲು. ಯಾವ ದಾಖಲೆ ಬೇಕಿತ್ತು, ಕೊಟ್ಟ ಸಾಕ್ಷ್ಯದಲ್ಲಿ ಏನು ಸಾಲದಾಯಿತು, ಯಾವ ದಿನದ ಸಭೆಯಲ್ಲಿ ತೀರ್ಮಾನವಾಯಿತು, ಒಂದೂ ಅದರಲ್ಲಿಲ್ಲ. ಅದು ಅರ್ಜಿದಾರರ ಕೈಗೂ ಬರಲಿಲ್ಲ. ಪಂಚಾಯಿತಿ ಕಚೇರಿಯ ಫಲಕದಲ್ಲಿ ಅಂಟಿಸಿದ್ದ ಪಟ್ಟಿಯಲ್ಲಿ ಹುಡುಗನೊಬ್ಬ ತನ್ನ ಅಜ್ಜನ ಹೆಸರು ನೋಡಿ ಬಂದು ತಿಳಿಸಿದ.

ಮಾನ್ಯರೇ, ಈಗ ನಿಯಮ ಏನು ಹೇಳುತ್ತದೆ ನೋಡಿ. ಸಾಕ್ಷ್ಯವೆಂದರೆ ಯಾವುದು ಎಂಬುದನ್ನು 13ನೇ ನಿಯಮ ಬಿಡಿಸಿ ಹೇಳಿದೆ. ಸರ್ಕಾರಿ ದಾಖಲೆ, ಗ್ಯಾಝೆಟಿಯರ್, ಮತದಾರರ ಚೀಟಿ, ಪಡಿತರ ಚೀಟಿಗಳ ಜೊತೆಯಲ್ಲೇ ಬಾವಿ, ಸ್ಮಶಾನ, ದೇವರ ಜಾಗಗಳು, ವಂಶಾವಳಿ, ಅರ್ಜಿದಾರರಲ್ಲದ ಹಿರಿಯರು ಹೇಳಿ ಬರೆಸಿದ ಹೇಳಿಕೆ, ಇವೆಲ್ಲವೂ ಆ ಪಟ್ಟಿಯಲ್ಲಿವೆ. ಅಂದರೆ ಆ ಅಜ್ಜಿ ಹೌದೆಂದದ್ದು ಕಾನೂನಿನ ಕಣ್ಣಿಗೆ ಸಾಕ್ಷ್ಯ. ಆ ಕಲ್ಲುಗಳೂ ಸಾಕ್ಷ್ಯ. 2012ರಲ್ಲಿ ತಿದ್ದುಪಡಿಯಾದ ನಿಯಮಗಳು ಇನ್ನೂ ಸ್ಪಷ್ಟವಾಗಿವೆ. ಇಂಥದ್ದೇ ದಾಖಲೆ ಬೇಕೆಂದು ಸಮಿತಿಗಳು ಪಟ್ಟು ಹಿಡಿಯುವಂತಿಲ್ಲ. ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕವಾಗಬಹುದೇ ಹೊರತು ಅದರ ಜಾಗವನ್ನು ಆಕ್ರಮಿಸುವಂತಿಲ್ಲ. ಅರ್ಜಿ ಅಪೂರ್ಣವೆಂದು ಕಂಡರೆ ತಿರಸ್ಕರಿಸದೆ ಗ್ರಾಮಸಭೆಗೆ ಮರಳಿ ಕಳುಹಿಸಬೇಕು. ತಿರಸ್ಕರಿಸುವುದೇ ಆದರೆ ಕಾರಣಗಳನ್ನು ವಿವರವಾಗಿ ದಾಖಲಿಸಿ ಅರ್ಜಿದಾರರಿಗೇ ತಿಳಿಸಬೇಕು. ತಿಳಿಸಿದ ದಿನದಿಂದ 60 ದಿನಗಳೊಳಗೆ ಅವರು ಮೇಲಿನ ಸಮಿತಿಗೆ ಹೋಗಬಹುದು. ತಿಳಿಸದೇ ಇದ್ದರೆ ಆ 60 ದಿನ ಯಾವಾಗ ಶುರುವಾಗಬೇಕು? ಮುಂದಿನ ಬಾಗಿಲು ಇದೆ ಎಂಬುದೇ ಗೊತ್ತಿಲ್ಲದವನು ಅದನ್ನು ತಟ್ಟುವುದು ಹೇಗೆ?

ಇದೊಂದು ಹಾಡಿಯ ಮಾತಾಗಿದ್ದರೆ ತಮ್ಮ ಸಮಯ ತೆಗೆದುಕೊಳ್ಳುತ್ತಿರಲಿಲ್ಲ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್, ಅರ್ಜಿ ತಿರಸ್ಕೃತವಾದವರನ್ನು ಒಕ್ಕಲೆಬ್ಬಿಸುವಂತೆ ರಾಜ್ಯಗಳಿಗೆ ಆದೇಶಿಸಿತ್ತು. ಆಗ ನಮ್ಮ ರಾಜ್ಯದ ಲೆಕ್ಕದಲ್ಲಿ ತಿರಸ್ಕೃತ ಅರ್ಜಿಗಳು ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚಿದ್ದವು. ದೇಶದಾದ್ಯಂತ ಆತಂಕ ಎದ್ದಾಗ, ತಿರಸ್ಕಾರಗಳು ಕಾನೂನಿನ ಕ್ರಮದಂತೆ ನಡೆದಿವೆಯೇ ಎಂಬ ಪ್ರಶ್ನೆ ಬಂತು. ಅದೇ ತಿಂಗಳ 28ರಂದು ಕೋರ್ಟ್ ತನ್ನ ಆದೇಶಕ್ಕೆ ತಡೆ ನೀಡಿತು. ಆ ತಡೆಯ ತಿರುಳು ಇಷ್ಟೇ: ತಿರಸ್ಕರಿಸಿದ ರೀತಿ ಸರಿಯಿತ್ತೇ ಎಂದು ರಾಜ್ಯಗಳು ಮೊದಲು ತಮ್ಮನ್ನೇ ಕೇಳಿಕೊಳ್ಳಲಿ. ಮರುಪರಿಶೀಲನೆ ಎಂದರೆ ಹಳೆಯ ಕಡತಕ್ಕೆ ಹೊಸ ಮುದ್ರೆ ಒತ್ತುವುದಲ್ಲ. ನಾನು ನೋಡಿದ ಕಡತಗಳಲ್ಲಿ ಹೆಚ್ಚಿನವಕ್ಕೆ ಆದದ್ದು ಅದೇ ಎಂದು ನೋವಿನಿಂದ ಹೇಳಬೇಕಾಗಿದೆ.

ನಾಗರಹೊಳೆಯ ಇತಿಹಾಸ ತಮ್ಮ ಕಡತಗಳಲ್ಲಿಯೇ ಇದೆ. 1955ರಲ್ಲಿ ಅಭಯಾರಣ್ಯ, 1988ರಲ್ಲಿ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಯೋಜನೆಯ ವ್ಯಾಪ್ತಿ. ಒಂದೊಂದು ಘೋಷಣೆಯೂ ಕಾಡಿನೊಳಗಿನ ಹಾಡಿಗಳನ್ನು ಇನ್ನಷ್ಟು ಬಿಗಿಯಿತು. ಅದೇ ಕಾಡಿನ ಮೂರ್ಕಲ್ಲಿನಲ್ಲಿ 1990ರ ದಶಕದಲ್ಲಿ ದೊಡ್ಡ ಹೋಟೆಲ್ ಸಮೂಹವೊಂದಕ್ಕೆ ವಿಹಾರಧಾಮ ನಡೆಸಲು ಗುತ್ತಿಗೆ ಕೊಡಲಾಯಿತು. ಅದನ್ನು ನಿಲ್ಲಿಸಿದ್ದು ಆದಿವಾಸಿಗಳು. ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ ಬೀದಿಯಲ್ಲಿಯೂ ಹೈಕೋರ್ಟಿನಲ್ಲಿಯೂ ಹೋರಾಡಿತು. 1997ರಲ್ಲಿ ಆ ಗುತ್ತಿಗೆ ಅರಣ್ಯ ಮತ್ತು ವನ್ಯಜೀವಿ ಕಾನೂನುಗಳಿಗೆ ವಿರುದ್ಧ ಎಂದು ಹೈಕೋರ್ಟ್ ತೀರ್ಪು ಕೊಟ್ಟಿತು. ಕಾಡು ಕಾಯುವ ಕಾನೂನುಗಳನ್ನು ಅಂದು ನ್ಯಾಯಾಲಯದಲ್ಲಿ ಎತ್ತಿಹಿಡಿದವರು ಯಾರು ಎಂಬುದನ್ನು ದಯವಿಟ್ಟು ಗಮನಿಸಿ.

ಒಕ್ಕಲೆದ್ದವರ ಪಾಡನ್ನೂ ಜನರೇ ನ್ಯಾಯಾಲಯದ ಮುಂದಿಟ್ಟರು. ಬುಡಕಟ್ಟು ಕೃಷಿಕರ ಸಂಘ ಮತ್ತು ಹುಣಸೂರಿನ ಡೀಡ್ ಎಂಬ ಸ್ವಯಂಸೇವಾ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಹೈಕೋರ್ಟ್ ಪ್ರೊ. ಮುಜಾಫರ್ ಅಸ್ಸಾದಿ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. 2014ರಲ್ಲಿ ಸಲ್ಲಿಕೆಯಾದ ಅವರ ವರದಿ, ನಾಗರಹೊಳೆಯಿಂದ ಹೊರಗಾದ 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕೆಂದು ಹೇಳಿತು. ಪ್ರೊ. ಅಸ್ಸಾದಿ ಅವರು ಈಗ ನಮ್ಮೊಂದಿಗಿಲ್ಲ. ಅವರ ಮುಂದೆ ಕೂತು ಕಥೆ ಹೇಳಿದ ಎಷ್ಟೋ ಹಿರಿಯರೂ ತೀರಿಹೋಗಿದ್ದಾರೆ. ಸಾಕ್ಷಿಗಳು ಒಬ್ಬೊಬ್ಬರಾಗಿ ಮಣ್ಣಾಗುತ್ತಿರುವಾಗ ಆಡಳಿತ ಮಾಡುವ ವಿಳಂಬ ಬರೀ ವಿಳಂಬವಲ್ಲ, ಅದೇ ತಿರಸ್ಕಾರವಾಗಿಬಿಡುತ್ತದೆ. ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವ ಸಂಗತಿ ಇದು.

2025ರ ಮೇ ತಿಂಗಳಲ್ಲಿ 52 ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಯ ತಮ್ಮ ಹಳೆಯ ಜಾಗಕ್ಕೆ ಮರಳಿ ನಡೆದುಹೋದದ್ದು ಪತ್ರಿಕೆಗಳಲ್ಲಿ ಬಂತು. ಅದನ್ನು ಅತಿಕ್ರಮಣ ಎಂದು ಕರೆದವರಿದ್ದಾರೆ. ಆದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಪುನರ್ವಸತಿಯಿಲ್ಲದೆ ಕಾನೂನುಬಾಹಿರವಾಗಿ ಹೊರಹಾಕಲಾದವರಿಗೆ, ಅವರಿದ್ದ ಜಾಗದಲ್ಲೇ ನೆಲೆ ಅಥವಾ ಬದಲಿ ಭೂಮಿ ಪಡೆಯುವ ಹಕ್ಕನ್ನು ಕಾಯ್ದೆಯ 3(1)(ಎಂ) ಕಲಂ ಕೊಟ್ಟಿದೆ. ಅರ್ಜಿ ಪೂರ್ತಿ ಇತ್ಯರ್ಥವಾಗುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ ಎನ್ನುತ್ತದೆ 4(5)ನೇ ಕಲಂ. ದಶಕಗಳ ಕಾಲ ಲೈನ್ ಮನೆಯಲ್ಲಿ ಕಾದವರು ಕೊನೆಗೆ ಕಾಲ್ನಡಿಗೆಯಲ್ಲಿ ಹೊರಟರೆ, ಪ್ರಶ್ನೆ ಕೇಳಬೇಕಾದದ್ದು ಅವರನ್ನಲ್ಲ.

ಹುಲಿ ಉಳಿಯಬೇಕು ಎನ್ನುವವರಲ್ಲಿ ನಾನೂ ಒಬ್ಬ. ಆ ಕಾಡಿನ ನೀರು ಕುಡಿದು ಬದುಕಿದವರಿಗೆ ಬೇರೆ ಅಭಿಪ್ರಾಯ ಇರಲಾರದು. ಆದರೆ ಕಾಡಿನ ಮನುಷ್ಯ ಹೊರಗೆ ಹೋದರೆ ಮಾತ್ರ ಹುಲಿಗೆ ಉಳಿವು ಎಂಬ ಮಾತನ್ನು ನಮ್ಮ ರಾಜ್ಯದ ಅನುಭವ ಒಪ್ಪುವುದಿಲ್ಲ. ಬಿಳಿಗಿರಿರಂಗನ ಬೆಟ್ಟವನ್ನು ನೋಡಿ. ಅಲ್ಲಿನ ಸೋಲಿಗರು ಪೋಡು ಎಂದು ಕರೆಯುವ ತಮ್ಮ ಹಾಡಿಗಳನ್ನೂ, ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿ ಎಂದು ಕರೆಯುವ ಪವಿತ್ರ ಜಾಗಗಳನ್ನೂ ನಕ್ಷೆಯಲ್ಲಿ ಗುರುತಿಸಿ ಹಕ್ಕು ಕೇಳಿದರು. 2011ರ ಆರಂಭದಲ್ಲಿ ಆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ, ಅಂದರೆ ಊರು ಒಟ್ಟಾಗಿ ಕಾಡನ್ನು ಬಳಸುವ ಹಕ್ಕಿನ ಪತ್ರ, ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇಂಥ ಹಕ್ಕು ದೇಶದಲ್ಲಿ ಮೊದಲು ಸಿಕ್ಕಿದ್ದು ಕರ್ನಾಟಕದಲ್ಲಿ. ಹಕ್ಕು ಕೊಟ್ಟದ್ದರಿಂದ ಅಲ್ಲಿ ಹುಲಿ ಮಾಯವಾಗಲಿಲ್ಲ. ನೆಲದ ಒಣ ಎಲೆಗೆ ತರಗು ಬೆಂಕಿ ಹಾಕುವುದನ್ನು ನಿಲ್ಲಿಸಿದ ಮೇಲೆ ಲಂಟಾನ ಹೇಗೆ ಕಾಡನ್ನು ಆವರಿಸಿತು ಎಂಬುದನ್ನು ಸೋಲಿಗ ಹಿರಿಯರು ಸಂಶೋಧಕರಿಗೆ ವಿವರಿಸಿ ಹೇಳಿದ್ದಾರೆ. ಆ ತಿಳಿವಳಿಕೆಯನ್ನು ಕಾಡಿನ ನಿರ್ವಹಣೆಗೆ ಸೇರಿಸಿಕೊಳ್ಳುವ ಅಧಿಕಾರ ಗ್ರಾಮಸಭೆಗೆ ಈ ಕಾಯ್ದೆಯಿಂದ ಬಂದಿದೆ. ಚಾಮರಾಜನಗರದಲ್ಲಿ ಸಾಧ್ಯವಾದದ್ದು ಮೈಸೂರು, ಕೊಡಗು ಜಿಲ್ಲೆಗಳ ಹಾಡಿಗಳಿಗೆ ಯಾಕೆ ದಕ್ಕುತ್ತಿಲ್ಲ ಎಂಬುದಕ್ಕೆ ಕಾನೂನಿನಲ್ಲಿ ಉತ್ತರವಿಲ್ಲ, ಆಡಳಿತದಲ್ಲಿ ಹುಡುಕಬೇಕು.

ಇನ್ನೊಂದು ಸಂಗತಿ. ಪ್ರತಿ ವರ್ಷ ದಸರೆಗೆ ಮುನ್ನ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಗಜಪಯಣಕ್ಕೆ ಚಾಲನೆ ಸಿಗುತ್ತದೆ. ಸಚಿವರು ಆನೆಗಳಿಗೆ ಪುಷ್ಪಾರ್ಚನೆ ಮಾಡುತ್ತಾರೆ, ನಾಡು ಹೆಮ್ಮೆಪಡುತ್ತದೆ. ಆ ಆನೆಗಳ ಕಿವಿಯ ಹಿಂದೆ ಕಾಲಿಟ್ಟು ಕೂತ ಮಾವುತರಲ್ಲಿ, ಪಕ್ಕದಲ್ಲಿ ನಡೆಯುವ ಕಾವಾಡಿಗಳಲ್ಲಿ ಜೇನುಕುರುಬರು ಬಹಳ ಮಂದಿ. ಅಂಬಾರಿ ಹೊರುವ ಆನೆಯನ್ನು ನಂಬಿ ಒಪ್ಪಿಸಲು ಅರ್ಹರಾದವರು, ತಮ್ಮ ತಂದೆತಾಯಿಯ ಗೋರಿ ಎಲ್ಲಿದೆ ಎಂದು ಹೇಳಿದಾಗ ಮಾತ್ರ ನಂಬಿಕೆಗೆ ಅರ್ಹರಲ್ಲವೇ?

ಸ್ಥಳಾಂತರದ ಬಗ್ಗೆಯೂ ಹೇಳಬೇಕು. ಸ್ವಂತ ಇಚ್ಛೆಯಿಂದ ಹೊರಬರಲು ಬಯಸುವ ಕುಟುಂಬಗಳಿವೆ. ಮಕ್ಕಳ ಶಾಲೆ, ಆಸ್ಪತ್ರೆ, ರಾತ್ರಿ ಆನೆಯ ಭಯ, ಇವು ನಿಜವಾದ ಕಾರಣಗಳು. ಅವರ ಆಯ್ಕೆಯನ್ನು ಯಾರೂ ತಡೆಯಬಾರದು. ಆದರೆ ಹಕ್ಕು ಗುರುತಿಸುವ ಮೊದಲೇ ಸ್ಥಳಾಂತರದ ಮಾತು ಎತ್ತಿದರೆ ಅದು ಆಯ್ಕೆಯಾಗುವುದಿಲ್ಲ. 2024ರ ಜೂನ್‌ನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ, ದೇಶದ ಹುಲಿ ಪ್ರದೇಶಗಳ ಒಳಗೆ ಉಳಿದಿರುವ 591 ಹಳ್ಳಿಗಳ 64,801 ಕುಟುಂಬಗಳ ಸ್ಥಳಾಂತರಕ್ಕೆ ಆದ್ಯತೆ ಕೊಡಿ ಎಂದು ರಾಜ್ಯಗಳಿಗೆ ಪತ್ರ ಬರೆಯಿತು. ಪತ್ರ ಎಷ್ಟೇ ಮೇಲಿನಿಂದ ಬಂದರೂ ಕಾಯ್ದೆಗಿಂತ ದೊಡ್ಡದಲ್ಲ. ಹಕ್ಕು ಗುರುತಿಸುವ ಕೆಲಸ ಮುಗಿದಿರಬೇಕು, ಗ್ರಾಮಸಭೆಯ ಮುಕ್ತ ಒಪ್ಪಿಗೆ ಬರಹದಲ್ಲಿರಬೇಕು, ಹೋಗುವ ಜಾಗದಲ್ಲಿ ಭೂಮಿ ಮತ್ತು ಸೌಕರ್ಯ ಮೊದಲೇ ಸಿದ್ಧವಾಗಿರಬೇಕು. 2006ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಹುಲಿ ಪ್ರದೇಶಗಳ ವಿಷಯದಲ್ಲಿ ಇದನ್ನೇ ಹೇಳುತ್ತದೆ.

ಒಪ್ಪಿಗೆಯ ಮಾತು ಬಂದಾಗ ಯಾವ ಗ್ರಾಮಸಭೆ ಎಂಬ ಪ್ರಶ್ನೆ ಏಳುತ್ತದೆ. ಆದಿವಾಸಿ ಪ್ರದೇಶಗಳಿಗೆ ವಿಶೇಷ ಆಡಳಿತ ಒದಗಿಸುವ ಸಂವಿಧಾನದ ಐದನೇ ಅನುಸೂಚಿಯಡಿ ಬರುವ ಪ್ರದೇಶ ಕರ್ನಾಟಕದಲ್ಲಿ ಒಂದೂ ಇಲ್ಲ. ಹೀಗಾಗಿ ಅಂಥ ಪ್ರದೇಶಗಳ ಗ್ರಾಮಸಭೆಗಳಿಗೆ ಹೆಚ್ಚಿನ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆಯ ರಕ್ಷಣೆ ನಮ್ಮ ಆದಿವಾಸಿಗಳಿಗೆ ಸಿಗುವುದಿಲ್ಲ. ಅವರ ಕೈಯಲ್ಲಿ ಉಳಿದಿರುವುದು ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆ ಒಂದೇ. ಅದನ್ನು ಇಡೀ ಪಂಚಾಯಿತಿಯ ಸಭೆಯೊಳಗೆ ಕರಗಿಸಿಬಿಟ್ಟರೆ, ಕೆಲವೇ ಮನೆಗಳ ಹಾಡಿಯ ದನಿ ಬಯಲಿನ ದೊಡ್ಡ ಊರುಗಳ ಗದ್ದಲದಲ್ಲಿ ಕೇಳಿಸುವುದೇ ಇಲ್ಲ. ದಾಖಲೆಯಲ್ಲಿಲ್ಲದ ಹಾಡಿ, ಪೋಡುಗಳನ್ನು ಗುರುತಿಸಿ ಪಟ್ಟಿ ಮಾಡಬೇಕೆಂದು 2012ರ ತಿದ್ದುಪಡಿ ಹೇಳಿರುವುದು ಇದಕ್ಕಾಗಿಯೇ. ಒಡಿಶಾದ ನಿಯಮಗಿರಿಯಲ್ಲಿ, 2013ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಡೋಂಗ್ರಿಯಾ ಕೊಂದ್ ಮತ್ತಿತರರ 12 ಪುಟ್ಟ ಹಳ್ಳಿಗಳ ಗ್ರಾಮಸಭೆಗಳು ಸೇರಿ ಬಾಕ್ಸೈಟ್ ಗಣಿಗಾರಿಕೆ ಬೇಡವೆಂದವು. ಗಣಿ ಬರಲಿಲ್ಲ. ಸಭೆ ಅವರದಾಗಿತ್ತು, ಅವರ ಬೆಟ್ಟದಲ್ಲೇ ನಡೆದಿತ್ತು.

ಭಾರತ 2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆಯಲ್ಲಿ ಮೂಲನಿವಾಸಿ ಜನರ ಹಕ್ಕುಗಳ ಘೋಷಣೆಯ ಪರವಾಗಿ ಮತ ಹಾಕಿದೆ. ಆಗಸ್ಟ್ 9ರಂದು ನಮ್ಮಲ್ಲಿಯೂ ಆದಿವಾಸಿ ದಿನ ಆಚರಿಸುತ್ತಾರೆ, ಕುಣಿತ ಏರ್ಪಡಿಸುತ್ತಾರೆ. ಆ ಮತಕ್ಕೂ ಆ ಆಚರಣೆಗೂ ಹಾಡಿಯಲ್ಲಿ ಬೆಲೆ ಬರುವುದು ಹಕ್ಕುಪತ್ರ ಕೈಗೆ ಸಿಕ್ಕಾಗ.

ಆದುದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಇವು. ಎಲ್ಲಕ್ಕಿಂತ ಮೊದಲನೆಯದು, ದಾಖಲೆಯಿಲ್ಲ ಎಂಬ ಒಂದು ಸಾಲಿನ ಕಾರಣ ಕೊಟ್ಟು ತಿರಸ್ಕರಿಸಿದ ಆದಿವಾಸಿಗಳ ಎಲ್ಲ ಅರ್ಜಿಗಳನ್ನು ಗ್ರಾಮಸಭೆಗಳಿಗೆ ಮರಳಿ ಕಳುಹಿಸುವಂತೆ ಉಪವಿಭಾಗ ಮತ್ತು ಜಿಲ್ಲಾ ಮಟ್ಟದ ಸಮಿತಿಗಳಿಗೆ ಸೂಚನೆ ಕೊಡಿ. ಮಹಜರಿನ ನಮೂನೆಯಲ್ಲಿ ಗೋರಿ, ದೇವರ ಜಾಗ, ಹಳೆಯ ಮರ, ಒರಳು, ಬಾವಿ ಮತ್ತು ಹಿರಿಯರ ಹೇಳಿಕೆಗೆ ಕಾಲಂ ಇರಲಿ. ಇದಕ್ಕೆ ಹಣ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಹಾಡಿಗಳ ಹೆಸರಿರುವ ಹಳೆಯ ಕಡತಗಳು ಅರಣ್ಯ ಇಲಾಖೆಯ ಬಳಿಯೇ ಇವೆ. ತೇಗದ ನೆಡುತೋಪುಗಳಿಗೆ ಸಸಿ ನೆಟ್ಟ ಕೈಗಳು ಆ ಹಾಡಿಗಳವು, ಅವರಿಗೆ ಕೂಲಿ ಕೊಟ್ಟದ್ದೂ ಇಲಾಖೆಯೇ. ಗ್ರಾಮಸಭೆ ಕೇಳಿದ ದಾಖಲೆಯ ದೃಢೀಕೃತ ಪ್ರತಿಯನ್ನು ಕೊಡಬೇಕೆಂಬುದು ನಿಯಮ. ಬಡವನ ಬಳಿ ಕಾಗದ ಕೇಳುವ ಮೊದಲು ಇಲಾಖೆ ತನ್ನ ಕಪಾಟು ತೆರೆಯಲಿ.

ಜೇನುಕುರುಬರು ಮತ್ತು ಕೊರಗರು ವಿಶೇಷ ದುರ್ಬಲ ಬುಡಕಟ್ಟುಗಳೆಂದು ಗುರುತಿಸಲ್ಪಟ್ಟವರು. ಇಂಥ ಸಮುದಾಯಗಳಿಗೆ ಆವಾಸ ಹಕ್ಕು, ಅಂದರೆ ತಲೆತಲಾಂತರದಿಂದ ಬದುಕಿದ ಇಡೀ ನೆಲೆಯ ಮೇಲಿನ ಹಕ್ಕು, ಸಿಗುವಂತೆ ನೋಡಿಕೊಳ್ಳುವುದು ಜಿಲ್ಲಾ ಮಟ್ಟದ ಸಮಿತಿಯ ಕರ್ತವ್ಯ. ಮಧ್ಯಪ್ರದೇಶದ ದಿಂಡೋರಿಯಲ್ಲಿ ಬೈಗಾ ಜನರಿಗೆ, 2023ರಲ್ಲಿ ಛತ್ತೀಸಗಢದಲ್ಲಿ ಕಮಾರ್ ಜನರಿಗೆ ಅದು ಸಿಕ್ಕಿದೆ. ಮೈಸೂರು, ಕೊಡಗು, ದಕ್ಷಿಣ ಕನ್ನಡ, ಉಡುಪಿ ಜಿಲ್ಲಾಧಿಕಾರಿಗಳು ಈ ಕೆಲಸಕ್ಕೆ ಕಾಲಮಿತಿ ಹಾಕಿಕೊಳ್ಳುವಂತೆ ತಾವು ಆದೇಶಿಸಬೇಕು. ಅಸ್ಸಾದಿ ಸಮಿತಿಯ ಶಿಫಾರಸುಗಳಲ್ಲಿ ಯಾವುದು ಜಾರಿಯಾಗಿದೆ, ಯಾವುದು ಆಗಿಲ್ಲ, ಯಾಕೆ ಆಗಿಲ್ಲ ಎಂಬುದನ್ನು ಕುಟುಂಬವಾರು ಲೆಕ್ಕದೊಂದಿಗೆ ಕನ್ನಡದಲ್ಲಿ ಪ್ರಕಟಿಸಬೇಕು. ಅದು ಮುಗಿಯುವವರೆಗೆ ನಾಗರಹೊಳೆಯಲ್ಲಿ ಹೊಸದಾಗಿ ಯಾವ ಹಾಡಿಯನ್ನೂ ಸ್ಥಳಾಂತರಿಸುವ ಪ್ರಸ್ತಾವ ಮುಂದುವರಿಯಬಾರದು. ಅರಣ್ಯ ಹಕ್ಕಿನ ಅನುಭೋಗಕ್ಕೆ ಅಡ್ಡಿಪಡಿಸುವುದು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿಯೂ ಅಪರಾಧ ಎಂಬುದನ್ನು ಕ್ಷೇತ್ರ ಸಿಬ್ಬಂದಿಗೆ ತರಬೇತಿಯಲ್ಲಿ ತಿಳಿಸಿಕೊಡಬೇಕು.

ತಮ್ಮ ಸಮಿತಿಯ ಮುಂದಿನ ಸಭೆಯ ದಿನಾಂಕವನ್ನು ಮುಂಚಿತವಾಗಿ ಪ್ರಕಟಿಸಿ, ನಡಾವಳಿಯನ್ನು ಜಿಲ್ಲೆಗಳಿಗೂ ಗ್ರಾಮಸಭೆಗಳಿಗೂ ಕಳುಹಿಸಿಕೊಡಿ. ಸಾಧ್ಯವಾದರೆ ಒಂದು ಸಭೆಯನ್ನು ಹುಣಸೂರಿನಲ್ಲೋ ಹೆಗ್ಗಡದೇವನಕೋಟೆಯಲ್ಲೋ ನಡೆಸಿ. ಯಜಮಾನರು, ಅಜ್ಜಿಯರು ತಮ್ಮ ಹೇಳಿಕೆಯನ್ನು ತಮ್ಮೆದುರೇ ಬರೆಸಲು ಸಿದ್ಧರಿದ್ದಾರೆ. ಕಾಯ್ದೆಯ 8ನೇ ಕಲಂ ಪ್ರಕಾರ, ತಪ್ಪೆಸಗಿದ ಪ್ರಾಧಿಕಾರದ ವಿರುದ್ಧ ಗ್ರಾಮಸಭೆ ನಿರ್ಣಯ ಮಾಡಿ ತಮ್ಮ ಸಮಿತಿಗೆ 60 ದಿನಗಳ ನೋಟಿಸ್ ಕೊಡಬಹುದು. ನಮ್ಮ ಭಾಗದ ಹಾಡಿಗಳಲ್ಲಿ ಆ ನಿರ್ಣಯಗಳ ಕರಡು ತಯಾರಾಗುತ್ತಿದೆ, ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಆ ನೋಟಿಸುಗಳು ತಮ್ಮ ಮೇಜಿಗೆ ಬರುವ ಮೊದಲೇ ಮೇಲಿನ ಸುತ್ತೋಲೆ ಹೊರಬಿದ್ದರೆ ಅವುಗಳನ್ನು ಕಳುಹಿಸುವ ಅಗತ್ಯ ಬೀಳುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಆಶ್ರಮ ಶಾಲಾ ಶಿಕ್ಷಕ